ಆರೆಗಾನ್ ಹಾದಿಯ ಆಟ

ಆಟದಲ್ಲಿ ಮನಸ್ಸಿಟ್ಟ ಹುಡುಗನಿಗೆ ಪಾಠದಲ್ಲಿ ಮನಸ್ಸು ನಿಲ್ಲದೆಂಬುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಕೇಳಿಬಂದಿರುವ ಮಾತು. ಹಿಂದೆ ಪಗಡೆಯ ಹಾಸನ್ನು ಕಂಡು ಮುಖ ಗಂಟುಹಾಕುತ್ತಿದ್ದ ತಂದೆಯ ಸ್ಥಾನದಲ್ಲಿ ಇಂದು ಕಂಪ್ಯೂಟರಿನ ಪರದೆಯನ್ನು ಕಂಡು ಮುಖ ಗಂಟುಹಾಕುವ ತಂದೆಯಿರುವನು. ಮಾತು ಮಾತ್ರ ಅದೇ. ಅದು ಬಹುಮಟ್ಟಿಗೆ ನಿಜವೆಂಬುದನ್ನು ಈ ಲೇಖಕನೂ ಅಲ್ಲಗಳೆಯತಕ್ಕವನಲ್ಲ. ಆದರೆ ಆಟವೇ ಮಕ್ಕಳ ಕೈಹಿಡಿದು ಪುಸ್ತಕದ ಬಳಿಗೆ ಕರೆದೊಯ್ದ ಉದಾಹರಣೆಗಳೂ ಕೆಲವುಂಟು. ಅವುಗಳೊಳಗೆ ಬಹು ಪ್ರಸಿದ್ಧವಾದುದು ಅಮೆರಿಕಾ ದೇಶದಲ್ಲಿ 1971ರಲ್ಲಿ ಹುಟ್ಟಿ, ಅಲ್ಲಿಯ ಎರಡು ತಲೆಮಾರಿನ ಮಕ್ಕಳು ಶಾಲೆಯಲ್ಲಿಯೇ ಆಡಿ ಬೆಳೆದ 'ಆರೆಗಾನ್ ಹಾದಿ' ಎಂಬ ವಿಡಿಯೋ ಆಟ. ಅದನ್ನಾಡಿದ ಮಕ್ಕಳು ಕಲಿತದ್ದೇನು, ಕಲಿತದ್ದರಲ್ಲಿ ನಿಜವೆಷ್ಟು, ಎಂಬ ಪ್ರಶ್ನೆಗಳನ್ನು ಆ ಆಟದ ಚರಿತ್ರೆಯ ಮೂಲಕವೇ ವಿಚಾರಿಸಿ ನೋಡಬೇಕೆಂದು ಬಹುದಿನಗಳಿಂದ ನನಗೆ ಅಪೇಕ್ಷೆಯಿದ್ದಿತು.

ಆ ಅಪೇಕ್ಷೆ ಹುಟ್ಟಿದ ಬಗೆಯನ್ನು ಹೇಳಿಬಿಡುವುದು ಮೇಲು. 1991ರ ಮಳೆಗಾಲದಲ್ಲಿ ನನ್ನ ಅಕ್ಕನ ಮೊಮ್ಮಗಳು, ಹನ್ನೊಂದು ವರ್ಷದ ಹುಡುಗಿ, ಅಮೆರಿಕಾದಿಂದ ತಂದೆತಾಯಿಗಳೊಡನೆ ಊರಿಗೆ ಬಂದಿದ್ದಳು. ಒಂದು ಸಂಜೆ ಜಗಲಿಯ ಮೇಲೆ ಕುಳಿತು ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯನ್ನು ನೋಡುತ್ತಿದ್ದವಳು, "ಅಜ್ಜಿ, ದೂರ ಹೋಗೋ ಗಾಡಿಗೆ ಕುದುರೆ ಕಟ್ಟದೆ ಎತ್ತು ಯಾಕೆ ಕಟ್ತಾರೆ? ಕುದುರೆ ಬೇಗ ಹೋಗಲ್ವಾ?" ಎಂದು ಕೇಳಿದಳು. ಅಕ್ಕ ಬತ್ತಿ ಹೊಸೆಯುತ್ತ, ತಲೆಯೆತ್ತದೆಯೇ, "ಕುದುರೆಗೆ ಹುರುಳಿ ಬೇಯಿಸಿ ಹಾಕಬೇಕು ಕಣಮ್ಮ. ಎತ್ತು ದಾರಿಯಲ್ಲಿ ಸಿಕ್ಕಿದ ಹುಲ್ಲು ಮೇಯ್ದುಕೊಂಡು ಹೋಗುತ್ತೆ" ಎಂದಳು. ಹುಡುಗಿಯ ಮುಖ ಅರಳಿತು. ಎಷ್ಟೋ ದಿನದಿಂದ ಕಾಡಿದ ಒಗಟು ಬಿಡಿಸಿದವಳಂತೆ ಆಕೆ ತನ್ನ ತಂದೆಯ ಬಳಿಗೆ ಓಡಿದಳು. ಮರುದಿನ ಮತ್ತೊಂದು ಪ್ರಶ್ನೆ ಬಂತು: ಡಿಸೆಂಟ್ರಿ ಎಂದರೇನು, ಅದರಿಂದ ಮನುಷ್ಯರು ನಿಜವಾಗಿಯೂ ಸಾಯುವರೇ? ಆಮಶಂಕೆಯೆಂದು ನಾನು ಅರ್ಥ ಹೇಳಿದೆ. ಅಕ್ಕ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ತನ್ನ ಬಾಲ್ಯದಲ್ಲಿ ವಾಂತಿಭೇದಿ ಬಂದ ವರ್ಷ, ಓಣಿಯ ಒಂದೇ ಮನೆಯಲ್ಲಿ ವಾರದೊಳಗೆ ಮೂರು ಹೆಣ ಹೊರಟ ಕಥೆಯನ್ನು ಆ ಮಗುವಿಗೆ ಹೇಳಿದಳು. ನಮಗೆ ಆ ಕಥೆಯನ್ನು ಅವಳು ಎಂದೂ ಹೇಳಿದವಳಲ್ಲ. ನಾವು ಕೇಳಿದವರೂ ಅಲ್ಲ.

ಈ ಪ್ರಶ್ನೆಗಳೆಲ್ಲ ಎಲ್ಲಿಂದ ಬಂದುವೆಂದು ವಿಚಾರಿಸಲು, ಶಾಲೆಯಲ್ಲಿ ಆಡಿದ ಒಂದು ಆಟದಿಂದ ಎಂದು ತಿಳಿಯಿತು. ಆಟದೊಳಗೆ ಅವಳ ಗಾಡಿಯ ಎತ್ತುಗಳು ಸತ್ತಿದ್ದುವಂತೆ. ಅವಳಿಗೂ ಆಮಶಂಕೆಯಾಗಿ ಮರಣ ಬಂದಿತ್ತಂತೆ!

ಮೊದಲು ಆ ಹಾದಿಯ ವಿಚಾರ. ಉತ್ತರ ಅಮೆರಿಕಾದ ನಡುಭಾಗದಲ್ಲಿ ಹರಿಯುವ ಮಿಸೌರಿ ನದಿಯ ದಡದ ಇಂಡಿಪೆಂಡೆನ್ಸ್ ಎಂಬ ಊರಿನಿಂದ ಹೊರಟು, ಬಯಲುಸೀಮೆಯನ್ನೂ ರಾಕಿ ಪರ್ವತಗಳನ್ನೂ ದಾಟಿ, ಶಾಂತಸಾಗರದ ಕಡೆಯ ಆರೆಗಾನ್ ಪ್ರಾಂತದ ವಿಲಮೆಟ್ ನದೀ ಕಣಿವೆಯನ್ನು ಮುಟ್ಟುವ ಸುಮಾರು 2,000 ಮೈಲಿಗಳ ಗಾಡಿದಾರಿ ಇದು. ನಮ್ಮ ದೇಶದ ಉತ್ತರದ ತುದಿಯಿಂದ ಕನ್ಯಾಕುಮಾರಿಯವರೆಗಿನ ದೂರವೂ ಹೆಚ್ಚುಕಡಮೆ ಇಷ್ಟೇ ಎಂಬುದನ್ನು ನೆನೆದರೆ ಆ ಪ್ರಯಾಣದ ಪ್ರಮಾಣ ಮನಸ್ಸಿಗೆ ಬರುವುದು. 1843ರಲ್ಲಿ ಸುಮಾರು ಸಾವಿರ ಮಂದಿ ಒಂದೇ ತಂಡವಾಗಿ ಹೊರಟಂದಿನಿಂದ ಅದು ಹೆದ್ದಾರಿಯಾಯಿತು. ಆರೆಗಾನ್ ಸೀಮೆ ಯಾರದೆಂದು ಬ್ರಿಟನ್ನಿಗೂ ಅಮೆರಿಕಾಕ್ಕೂ ಇದ್ದ ವಿವಾದ 1846ರ ಒಪ್ಪಂದದಿಂದ ತೀರಿತು. 1869ರಲ್ಲಿ ದೇಶದ ಈ ಕಡೆಯಿಂದ ಆ ಕಡೆಗೆ ರೈಲುದಾರಿ ಪೂರ್ಣವಾಗುವವರೆಗೆ ಈ ಹಾದಿಯಲ್ಲಿಯೂ ಇದರಿಂದ ಕವಲೊಡೆದ ಕ್ಯಾಲಿಫೋರ್ನಿಯಾ ಮೊದಲಾದ ಹಾದಿಗಳಲ್ಲಿಯೂ ಮೂರು ನಾಲ್ಕು ಲಕ್ಷ ಜನರು ಪಶ್ಚಿಮಕ್ಕೆ ಹೋದರೆಂದು ಚರಿತ್ರಕಾರರ ಅಂದಾಜು.

ಪ್ರಯಾಣದ ಕಾಲವನ್ನು ನಿರ್ಣಯಿಸುತ್ತಿದ್ದುದು ಹುಲ್ಲು. ಚಳಿಗಾಲ ಕಳೆದು ಬಯಲಿನಲ್ಲಿ ಹುಲ್ಲು ಚಿಗುರುವ ಮುನ್ನ ಹೊರಟರೆ ಎತ್ತುಗಳಿಗೆ ಮೇವಿಲ್ಲ. ತಡಮಾಡಿ ಹೊರಟರೆ ಮುಂದಿನ ಪರ್ವತಗಳಲ್ಲಿ ಹಿಮ ಬಿದ್ದು ದಾರಿ ಮುಚ್ಚುವುದು. ಆದಕಾರಣ ಏಪ್ರಿಲ್ ಕೊನೆಯಲ್ಲಿಯೋ ಮೇ ತಿಂಗಳಲ್ಲಿಯೋ ಹೊರಟು, ದಿನಕ್ಕೆ 12ರಿಂದ 15 ಮೈಲಿ ನಡೆದು, ಐದಾರು ತಿಂಗಳಲ್ಲಿ ಊರು ಸೇರುವುದು ರೂಢಿಯಾಗಿತ್ತು. ಕುದುರೆಗೆ ಕಾಳು ಬೇಕಾದುದರಿಂದ ಹೆಚ್ಚಿನವರು ಎತ್ತುಗಳನ್ನೇ ನೆಚ್ಚಿದರು. ಈ ವಿಷಯದಲ್ಲಿ ಅವರ ಬುದ್ಧಿಯೂ ನನ್ನ ಅಕ್ಕನ ಬುದ್ಧಿಯೂ ಒಂದೇ. ಗಾಡಿಯ ತುಂಬ ಹಿಟ್ಟು, ಉಪ್ಪುಹಾಕಿದ ಹಂದಿಯ ಮಾಂಸ, ಬಟ್ಟೆಬರೆ, ಹಾಸಿಗೆ ತುಂಬಿರುತ್ತಿದ್ದುದರಿಂದ ಮನುಷ್ಯರು ಬಹುತೇಕ ದಾರಿಯನ್ನು ನಡೆದೇ ಸವೆಸಿದರು. ಅವರನ್ನು ಕೊಂದದ್ದು ಮುಖ್ಯವಾಗಿ ರೋಗ. ಅದರಲ್ಲಿಯೂ 1849ರಿಂದ ಕೆಲವು ವರ್ಷಗಳ ಕಾಲ ಕಾಲರಾ. ಬೆಳಿಗ್ಗೆ ನೆಟ್ಟಗಿದ್ದವನು ಸಂಜೆಗೆ ಮಣ್ಣಾಗುತ್ತಿದ್ದನು. ನದಿ ದಾಟುವಾಗ ಮುಳುಗಿದವರು, ಗಾಲಿಯ ಕೆಳಗೆ ಸಿಕ್ಕಿದ ಮಕ್ಕಳು, ತಮ್ಮ ಕೋವಿಯೇ ಕೈತಪ್ಪಿ ಹಾರಿ ಸತ್ತವರು ಆಮೇಲೆ ಬರುವರು. ಎಷ್ಟೋ ಹೆಣಗಳನ್ನು ಗಾಡಿದಾರಿಯ ನಡುವೆಯೇ ಹೂಳಿ, ತೋಳಗಳು ತೋಡಿ ತೆಗೆಯದಿರಲೆಂದು ಅದರ ಮೇಲೆ ಗಾಡಿಗಳನ್ನು ಹರಿಸಿ ನೆಲವನ್ನು ಗಟ್ಟಿಮಾಡಿ ಮುಂದೆ ಹೋಗುತ್ತಿದ್ದರು. ಗೋರಿಯ ಗುರುತೂ ಉಳಿಯುತ್ತಿರಲಿಲ್ಲ.

ಇನ್ನು ಆಟದ ವಿಚಾರ. 1971ರಲ್ಲಿ ಮಿನ್ನೆಸೋಟ ಸಂಸ್ಥಾನದ ಕಾರ್ಲ್‌ಟನ್ ಕಾಲೇಜಿನಲ್ಲಿ ಓದುತ್ತಿದ್ದ ಡಾನ್ ರಾವಿಚ್ ಎಂಬ ತರುಣನು ಮಿನಿಯಾಪೊಲಿಸ್ ನಗರದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ ಚರಿತ್ರೆಯನ್ನು ಕಲಿಸುವ ಅಭ್ಯಾಸದಲ್ಲಿದ್ದನು. ಪಶ್ಚಿಮದ ವಲಸೆಯ ಪಾಠ ಅವನ ಪಾಲಿಗೆ ಬಂದಿತು. ಇಸವಿಗಳನ್ನು ಒಪ್ಪಿಸುವುದಷ್ಟೇ ಪಾಠವಾಗಬಾರದೆಂದು, ದೊಡ್ಡ ಕಾಗದದ ಮೇಲೆ ಹಾದಿಯ ನಕ್ಷೆ ಬರೆದು ದಾಳವನ್ನೂ ಚೀಟಿಗಳನ್ನೂ ಇಟ್ಟು ಆಡುವ ಒಂದು ಹಾಸಿನ ಆಟವನ್ನು ಅವನು ಕಟ್ಟತೊಡಗಿದನು. ಅವನೊಡನೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದ ಬಿಲ್ ಹೈನೆಮನ್, ಪಾಲ್ ಡಿಲ್ಲನ್‌ಬರ್ಗರ್ ಎಂಬಿಬ್ಬರು ಗಣಿತದ ಅಭ್ಯಾಸಿಗಳು. ದಾಳದ ಕೆಲಸವನ್ನೂ ಲೆಕ್ಕದ ಕೆಲಸವನ್ನೂ ಕಂಪ್ಯೂಟರಿಗೆ ಒಪ್ಪಿಸಬಹುದೆಂದು ಅವರಿಗೆ ಹೊಳೆಯಿತು. ಪಾಠಕ್ಕೆ ಎರಡು ವಾರಗಳಷ್ಟೇ ಉಳಿದಿದ್ದುವು. ಮೂವರೂ ರಾತ್ರಿ ಹಗಲು ದುಡಿದು ಮುಗಿಸಿ, ಡಿಸೆಂಬರ್ 3ರಂದು ಅದನ್ನು ತರಗತಿಯಲ್ಲಿ ಮಕ್ಕಳ ಮುಂದಿಟ್ಟರು.

ಇಂದಿನ ಬಣ್ಣಬಣ್ಣದ ಪರದೆಗಳನ್ನು ಬಲ್ಲ ವಾಚಕರು ಆ ಮೊದಲ ಆಟವನ್ನು ಕಣ್ಣಮುಂದೆ ತಂದುಕೊಳ್ಳುವುದು ಸ್ವಲ್ಪ ಕಷ್ಟ. ಪರದೆಯೇ ಅದಕ್ಕಿರಲಿಲ್ಲ. ಕಂಪ್ಯೂಟರು ದೂರದಲ್ಲೆಲ್ಲಿಯೋ ಇರುವುದು. ಶಾಲೆಯಲ್ಲಿ ಇದ್ದುದು ಟೆಲಿಫೋನು ತಂತಿಯ ಮೂಲಕ ಅದರೊಡನೆ ಮಾತನಾಡುವ ಟೆಲಿಟೈಪ್ ಯಂತ್ರ. ಮಕ್ಕಳು ಕೀಲಿಗಳನ್ನೊತ್ತಿ ಉತ್ತರ ಕೊಟ್ಟರೆ ಯಂತ್ರವು ಸುರುಳಿಕಾಗದದ ಮೇಲೆ ಮುಂದಿನ ಸಂಗತಿಯನ್ನು ಕಟಕಟನೆ ಅಚ್ಚುಹೊಡೆಯುವುದು. ಬೇಟೆಯಾಡಬೇಕಾದರೆ 'ಬ್ಯಾಂಗ್' ಎಂಬ ನಾಲ್ಕಕ್ಷರದ ಇಂಗ್ಲಿಷ್ ಶಬ್ದವನ್ನು ತಪ್ಪಿಲ್ಲದೆ, ಶೀಘ್ರವಾಗಿ ಒತ್ತಬೇಕು. ತಡವಾದರೆ ಪ್ರಾಣಿ ತಪ್ಪಿಸಿಕೊಂಡಿತೆಂದೇ ಲೆಕ್ಕ. ಮಕ್ಕಳು ಗುಂಪುಗುಂಪಾಗಿ ಯಂತ್ರದ ಸುತ್ತ ಸೇರಿ, ಕೈಚುರುಕಿನವನನ್ನು ಬೇಟೆಗೆ ಬಿಟ್ಟು, ಲೆಕ್ಕದಲ್ಲಿ ಗಟ್ಟಿಗನಾದವನಿಗೆ ಹಣದ ಚೀಲ ಒಪ್ಪಿಸಿ, ನಕ್ಷೆ ನೋಡಲು ಇನ್ನೊಬ್ಬನನ್ನು ನಿಲ್ಲಿಸಿಕೊಂಡರಂತೆ. ನನಗೆ ಇದರಲ್ಲಿ ಮೆಚ್ಚುಗೆಯಾದ ಅಂಶವೇ ಇದು. ನಿಜವಾದ ಗಾಡಿತಂಡಗಳವರೂ ಮಾಡಿದ್ದು ಇದನ್ನೇ ಅಲ್ಲವೇ? ಉಪಾಧ್ಯಾಯನು ಹೇಳಿಕೊಡದೆಯೇ ಅವರು ವಲಸೆಯ ಒಂದು ಮುಖ್ಯ ಸಂಗತಿಯನ್ನು ಮಾಡಿ ತಿಳಿದರು.

ಅಭ್ಯಾಸದ ಕಾಲ ಮುಗಿದಾಗ ರಾವಿಚ್ ಆಟದ ಆಜ್ಞಾವಳಿಯನ್ನು ಕಾಗದದ ಮೇಲೆ ಅಚ್ಚುಹಾಕಿಕೊಂಡು, ಯಂತ್ರದಿಂದ ಅದನ್ನು ಅಳಿಸಿಬಿಟ್ಟನು. ಮೂರು ವರ್ಷಗಳವರೆಗೆ ಅದು ಬರಿಯ ಕಾಗದದ ಸುರುಳಿಯಾಗಿತ್ತು. 1974ರಲ್ಲಿ ಅವನು ಆ ಸಂಸ್ಥಾನದ ಶಾಲೆಗಳಿಗೆ ಕಂಪ್ಯೂಟರ್ ಸೌಕರ್ಯ ಒದಗಿಸಲೆಂದು ಹಿಂದಿನ ವರ್ಷ ಸ್ಥಾಪಿತವಾಗಿದ್ದ ಮಿನ್ನೆಸೋಟ ಎಜುಕೇಷನಲ್ ಕಂಪ್ಯೂಟಿಂಗ್ ಕನ್ಸಾರ್ಟಿಯಂ ಎಂಬ ಸಂಸ್ಥೆಯನ್ನು ಸೇರಿ, ಆ ಸುರುಳಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಪಂಕ್ತಿಯಾಗಿ ಮತ್ತೆ ಒತ್ತಿದನು. ಮುಂದೆ ಈ ಆಟ ಕೋಟಿಗಟ್ಟಲೆ ಪ್ರತಿಗಳಲ್ಲಿ ಮಾರಾಟವಾದಾಗಲೂ ಅದನ್ನು ಹುಟ್ಟಿಸಿದ ಆ ಮೂವರಿಗೆ ಅದರಿಂದ ಹಣವೇನೂ ಬರಲಿಲ್ಲ.

ಆದರೆ ಈ ಚರಿತ್ರೆಯಲ್ಲಿ ನಿಜವಾಗಿ ಗಮನಿಸತಕ್ಕದ್ದು ಆಟವನ್ನು ಮತ್ತೆ ಒತ್ತಿದ್ದಲ್ಲ, ತಿದ್ದಿದ್ದು. ಮೊದಲ ಆಟದಲ್ಲಿ ಮಳೆ, ರೋಗ, ಕಳ್ಳರು ಎಷ್ಟೆಷ್ಟು ಸಲ ಬರಬೇಕೆಂಬುದನ್ನು ಆ ತರುಣರು ಊಹೆಯಿಂದಲೇ ಗೊತ್ತುಮಾಡಿದ್ದರು. ಎರಡು ವಾರದಲ್ಲಿ ಮತ್ತೇನು ಸಾಧ್ಯ? ಈಗ ರಾವಿಚ್ ಆ ಹಾದಿಯಲ್ಲಿ ನಡೆದವರು ಬರೆದಿಟ್ಟ ದಿನಚರಿಗಳನ್ನು ತೆಗೆದು ಓದಿದನು. ಎಷ್ಟು ದಿನಕ್ಕೊಮ್ಮೆ ಗಾಡಿಯ ಅಚ್ಚು ಮುರಿಯಿತು, ಎಷ್ಟು ಸಲ ಕೆಟ್ಟ ನೀರು ಸಿಕ್ಕಿತು, ಮಂಜಿನಲ್ಲಿ ದಾರಿ ತಪ್ಪಿದ್ದೆಷ್ಟು ಎಂಬುದನ್ನು ಅವರ ಬರಹದಿಂದ ತಿಳಿದು, ಆಟದ ಅದೃಷ್ಟವನ್ನು ಅದಕ್ಕೆ ಹೊಂದಿಸಿದನು. 1978ರಲ್ಲಿ 'ಕ್ರಿಯೇಟಿವ್ ಕಂಪ್ಯೂಟಿಂಗ್' ಎಂಬ ಪತ್ರಿಕೆಯಲ್ಲಿ ಈ ಆಟದ ಆಜ್ಞಾವಳಿ ಪೂರ್ತಿಯಾಗಿ ಅಚ್ಚಾಗಿರುವುದರಿಂದ ಆ ಲೆಕ್ಕವನ್ನು ನಾವೂ ನೋಡಬಹುದು. ದಾರಿಯ ಆಕಸ್ಮಿಕಗಳನ್ನು 100 ಎಂದಿಟ್ಟುಕೊಂಡರೆ, ಗಾಡಿ ಮುರಿಯುವುದು 6, ಜಡಿಮಳೆ 10, ನದಿ ದಾಟುವಾಗ ಗಾಡಿಗೆ ನೀರು ನುಗ್ಗುವುದು 10, ಕೆಟ್ಟ ನೀರು 5, ಊಟ ಸಾಲದೆ ಬರುವ ರೋಗದ ಪಾಲಿಗೆ 26. ದರೋಡೆಕಾರರು ಬರುವುದು 3. ಮೂಲನಿವಾಸಿಗಳು ಬಂದು ಆಹಾರ ದೊರೆಯುವ ಸ್ಥಳವನ್ನು ತೋರಿಸಿ ಉಪಕಾರ ಮಾಡುವುದು 5!

ಸಿನಿಮಾಗಳನ್ನು ನೋಡಿ ಬೆಳೆದ ಅಮೆರಿಕಾದ ಹುಡುಗನೊಬ್ಬನಿಗೆ ಈ ಕಡೆಯ ಅಂಕಿ ಎಷ್ಟು ವಿಚಿತ್ರವಾಗಿ ಕಂಡಿರಬೇಕು! ಸಿನಿಮಾದಲ್ಲಿ ಮೂಲನಿವಾಸಿಯ ಕೆಲಸವೇ ಗಾಡಿಗಳನ್ನು ಸುತ್ತುಗಟ್ಟಿ ಬಾಣ ಬಿಡುವುದು. ಆಟದಲ್ಲಿ ಕೆಲವೊಮ್ಮೆ ಶತ್ರುಗಳಂತೆ ಕಾಣುವ ಸವಾರರು ಎದುರಾಗುವುದುಂಟು. ಆದರೆ ಅವರು ಯಾವ ಜನರೆಂಬುದನ್ನು ಅದು ಹೇಳದು. ಗಣಿತದ ಕೋಷ್ಟಕದೊಳಗೆ ಹೀಗೆ ಒಂದು ಚರಿತ್ರೆಯ ವಾದವೇ ಅಡಗಿತ್ತು. ಅದು ಸರಿಯಾದ ವಾದವೆಂಬುದಕ್ಕೆ ಮುಂದೆ ವಿದ್ವಾಂಸರ ಸಾಕ್ಷ್ಯವೂ ದೊರೆಯಿತು. ಜಾನ್ ಅನ್ರೂ ಎಂಬ ಇತಿಹಾಸಜ್ಞನ ಮಹಾಗ್ರಂಥವು ಅವನು ತೀರಿಕೊಂಡ ಮೇಲೆ 1979ರಲ್ಲಿ ಪ್ರಕಟವಾಯಿತು. 1840ರಿಂದ 1860ರವರೆಗಿನ ಇಪ್ಪತ್ತೊಂದು ವರ್ಷಗಳಲ್ಲಿ ಪಶ್ಚಿಮದ ಹಾದಿಗಳಲ್ಲಿ ಮೂಲನಿವಾಸಿಗಳ ಕೈಯಲ್ಲಿ ಸತ್ತ ವಲಸೆಗಾರರು 362 ಎಂದೂ, ವಲಸೆಗಾರರ ಕೈಯಲ್ಲಿ ಸತ್ತ ಮೂಲನಿವಾಸಿಗಳು 426 ಎಂದೂ ಅವನ ಲೆಕ್ಕ. ಲಕ್ಷಾಂತರ ಜನ ನಡೆದ ಹಾದಿಯ ಮಾತಿದು. ಸಿನಿಮಾ ಎಲ್ಲಿ, ದಿನಚರಿ ಎಲ್ಲಿ!

ಇಲ್ಲಿ ನಮ್ಮ ದೇಶದ ಒಂದು ಆಟ ನೆನಪಿಗೆ ಬರುವುದು ಸಹಜ. ಪರಮಪದ ಸೋಪಾನಪಟದಲ್ಲಿ ಹಾವುಗಳಿಗೆ ಪಾಪಗಳ ಹೆಸರು, ಏಣಿಗಳಿಗೆ ಪುಣ್ಯಗಳ ಹೆಸರು. ಆಡುತ್ತ ಆಡುತ್ತ ಮಕ್ಕಳು ಧರ್ಮಾಧರ್ಮಗಳ ಪಟ್ಟಿಯನ್ನು ಕಂಠಪಾಠ ಮಾಡುವರು. ಆರೆಗಾನಿನ ಹಾದಿಯಲ್ಲಿ ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲದಲ್ಲಿಯೇ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು (1794–1868) ಹೊಸ ಹೊಸ ಹಾಸಿನ ಆಟಗಳನ್ನೂ ಇಸ್ಪೀಟಿನ ಆಟಗಳನ್ನೂ ಕಲ್ಪಿಸುತ್ತಿದ್ದರೆಂಬುದು, ಶ್ರೀತತ್ತ್ವನಿಧಿಯ ಒಂಬತ್ತನೆಯದಾದ ಕೌತುಕನಿಧಿ ಇಂತಹ ಆಟಗಳಿಗೇ ಮೀಸಲೆಂಬುದು, ವಾಚಕರಿಗೆ ತಿಳಿದೇ ಇದೆ. ಆಟದಲ್ಲಿ ವಿದ್ಯೆಯನ್ನಿಡಬಹುದೆಂಬ ಭಾವನೆ ಹೊಸದಲ್ಲ. ಆದರೆ ಸೋಪಾನಪಟದಲ್ಲಿ ಪಾಪ ಮಾಡುವುದು ದಾಳ, ಆಡುವವನಲ್ಲ. ಹಾವಿನ ಬಾಯಿಗೆ ಬಿದ್ದವನಿಗೆ 'ಏಕೆ ಬಿದ್ದೆ?' ಎಂದು ಕೇಳುವ ಹಾಗಿಲ್ಲ. ಆರೆಗಾನಿನ ಆಟದಲ್ಲಿಯಾದರೋ ಆಕಸ್ಮಿಕಗಳಿದ್ದರೂ ನಿರ್ಣಯಗಳು ಆಡುವವನವು. 1978ರ ಪಾಠದಲ್ಲಿ ಕಾಲ 1847. ಕೈಯಲ್ಲಿ 900 ಡಾಲರು. 200 ಗಾಡಿಗೆ ಹೋಯಿತು. ಉಳಿದ 700ರಲ್ಲಿ ಎತ್ತಿಗೆಷ್ಟು, ಊಟಕ್ಕೆಷ್ಟು, ಮದ್ದುಗುಂಡಿಗೆಷ್ಟು, ಬಟ್ಟೆಗೆಷ್ಟು? ಬಟ್ಟೆಗೆ ಜಿಪುಣತನ ಮಾಡಿದವನು ಪರ್ವತದ ಚಳಿಯಲ್ಲಿ ಅದರ ಫಲವನ್ನು ಕಾಣುವನು. ಸತ್ತ ಮೇಲೆ 'ಏಕೆ ಸತ್ತೆ?' ಎಂಬ ಪ್ರಶ್ನೆ ತಾನಾಗಿ ಏಳುವುದು. ಪುಸ್ತಕಕ್ಕೆ ದಾರಿ ಅಲ್ಲಿಂದ.

1985ರಲ್ಲಿ ಫಿಲಿಪ್ ಬೂಷಾರ್ ಎಂಬವನ ಮೇಲ್ವಿಚಾರಣೆಯಲ್ಲಿ ಆಪಲ್ ಕಂಪ್ಯೂಟರಿಗಾಗಿ ಆಟವನ್ನು ಚಿತ್ರಸಹಿತ ಹೊಸದಾಗಿ ಕಟ್ಟಿದರು. ನನ್ನ ಅಕ್ಕನ ಮೊಮ್ಮಗಳು ಆಡಿದ್ದು ಇದನ್ನೇ. ಇದರಲ್ಲಿ ಕಾಲ 1848. ಹೊರಡುವ ತಿಂಗಳನ್ನು ಆಡುವವನೇ ಆರಿಸಬೇಕು. ಬಾಸ್ಟನ್ನಿನ ಬ್ಯಾಂಕರಿಗೆ 1,600 ಡಾಲರು, ಒಹಾಯೋದ ಬಡಗಿಗೆ 800, ಇಲಿನಾಯ್ ರೈತನಿಗೆ 400. ಬಡವನಾಗಿ ಹೊರಟು ಊರು ಮುಟ್ಟಿದವನಿಗೆ ಅಂಕ ಮೂರು ಪಟ್ಟು. ಹೆಚ್ಚಿನ ಗಾಲಿ, ಅಚ್ಚು, ಮೂಕಿಗಳನ್ನು ಕೊಂಡಿಟ್ಟುಕೊಳ್ಳಬೇಕು. ನದಿ ಬಂದರೆ ಅದರ ಆಳ ಅಗಲಗಳನ್ನು ನೋಡಿ, ಹಾಯ್ದು ದಾಟುವುದೋ, ಗಾಡಿಯ ಸಂದುಗಳನ್ನು ಮುಚ್ಚಿ ತೇಲಿಸುವುದೋ, ಹಣ ಕೊಟ್ಟು ದೋಣಿ ಹಿಡಿಯುವುದೋ, ನೀರು ಇಳಿಯುವವರೆಗೆ ಕಾಯುವುದೋ ನಿಶ್ಚಯಿಸಬೇಕು. ಕಾಡೆಮ್ಮೆಯನ್ನು ಕೊಂದು ಬೀಳಿಸಿದರೂ 100 ಪೌಂಡಿಗಿಂತ ಹೆಚ್ಚು ಮಾಂಸ ಹೊತ್ತು ತರುವಂತಿಲ್ಲ. ಮಿಕ್ಕದ್ದು ಅಲ್ಲಿಯೇ ಕೊಳೆಯಬೇಕು. ಮತ್ತೊಂದು ವಿಶೇಷ: ಸತ್ತವನ ಗೋರಿಯ ಮೇಲೆ ಆಡುವ ಹುಡುಗ ತನಗೆ ತೋಚಿದ್ದನ್ನು ಬರೆಯಬಹುದಾಗಿತ್ತು. ಆ ಬರಹ ಡಿಸ್ಕಿನಲ್ಲಿ ಉಳಿದು, ಮುಂದೆ ಅದೇ ಡಿಸ್ಕಿನಲ್ಲಿ ಆಡುವವನಿಗೆ ಆ ಸ್ಥಳದಲ್ಲಿ ಗೋರಿ ಎದುರಾಗುವುದು. ಬರೆದ ಮಾತುಗಳು ಬಹುಶಃ ಹುಡುಗಾಟಿಕೆಯವೇ. ನಿಜವಾದ ಹಾದಿಯಲ್ಲಿ ಗುರುತಿಲ್ಲದೆ ಹೋದ ಗೋರಿಗಳನ್ನು ಬಲ್ಲವನಿಗೆ ಮಾತ್ರ ಆ ಹುಡುಗಾಟಿಕೆ ಬೇರೆಯಾಗಿ ಕಾಣುವುದು.

ಅದೇ 1985ರಲ್ಲಿ ಹೊರಬಂದ ಇನ್ನೊಂದು ಆಟವನ್ನೂ ಇಲ್ಲಿ ಹೇಳಬಹುದು. ಕಾರ್ಮೆನ್ ಸ್ಯಾಂಡಿಯಾಗೋ ಎಂಬ ಕಳ್ಳಿಯನ್ನೂ ಅವಳ ಬಂಟರನ್ನೂ ದೇಶದೇಶಗಳಲ್ಲಿ ಬೆನ್ನಟ್ಟುವ ಆಟ ಅದು. ಕಳ್ಳನು ಇಂತಹ ಬಣ್ಣದ ಧ್ವಜದ ದೇಶಕ್ಕೆ ಹೋದನು, ಇಂತಹ ನಾಣ್ಯವನ್ನು ಕೊಂಡನು ಎಂಬ ಸುಳಿವು ಸಿಗುವುದು. ದೇಶ ಯಾವುದೆಂದು ಆಟ ಹೇಳದು. ಅದಕ್ಕಾಗಿ ಆಟದ ಪೆಟ್ಟಿಗೆಯಲ್ಲಿಯೇ 'ವರ್ಲ್ಡ್ ಆಲ್ಮನಾಕ್' ಎಂಬ ದಪ್ಪನಾದ ವಾರ್ಷಿಕ ಗ್ರಂಥವೊಂದನ್ನು ಇಟ್ಟು ಮಾರಿದರು. ಪಂಚಾಂಗ ನೋಡದೆ ಮುಹೂರ್ತವಿಲ್ಲವೆಂಬಂತೆ, ಪುಸ್ತಕ ತಿರುವದೆ ಕಳ್ಳ ಸಿಕ್ಕುವಂತಿರಲಿಲ್ಲ. ಉಪಾಯ ಸೊಗಸಾದುದೇ, ಆದರೆ ಧ್ವಜದ ಬಣ್ಣ ತಿಳಿದೊಡನೆ ಪುಸ್ತಕ ಮುಚ್ಚುವುದು. ಆರೆಗಾನಿನ ಆಟ ಎಬ್ಬಿಸಿದ ಪ್ರಶ್ನೆಗಳು ಅಷ್ಟು ಬೇಗ ಮುಗಿಯತಕ್ಕವಲ್ಲ.

ಈಗ ಆ ಆಟದ ದೋಷದ ಮಾತು. ಅದು ಇಷ್ಟಪಟ್ಟು ಮಾಡಿದ ದೋಷವಲ್ಲ. ದಿನಚರಿಗಳನ್ನು ಓದಿ ಆಟ ಕಟ್ಟಿದ್ದು ಶ್ಲಾಘ್ಯವೆಂದೆ. ಆದರೆ ಆ ದಿನಚರಿಗಳನ್ನು ಬರೆದವರು ಯಾರು? ಗಾಡಿಯಲ್ಲಿ ಕುಳಿತವರು. ಅವರಿಗೆ ಹಾದಿ ಎಂದರೆ ದಾಟಬೇಕಾದ ನದಿಗಳು, ಸಿಕ್ಕಬೇಕಾದ ಹುಲ್ಲು. ಅದೇ ಹುಲ್ಲು ಪ್ಲಾಟ್ ನದಿಯ ದಡದ ಜನರಿಗೆ ತಮ್ಮ ಬೇಟೆಯ ಪ್ರಾಣಿಗಳ ಮೇವು. ವರ್ಷ ವರ್ಷವೂ ಸಾವಿರಾರು ಎತ್ತುಗಳು ಅದನ್ನು ಮೇಯ್ದು ಹೋದರೆ, ಕಾಡೆಮ್ಮೆಗಳು ದೂರ ಸರಿದರೆ, ಕಾಲರಾ ಗಾಡಿಗಳಿಂದಿಳಿದು ಅವರ ಡೇರೆಗಳನ್ನು ಹೊಕ್ಕರೆ, ಅದು ಯಾವ ವಲಸೆಗಾರನ ದಿನಚರಿಯ ಯಾವ ಪುಟದಲ್ಲಿ ಲೆಕ್ಕಕ್ಕೆ ಬರಬೇಕು? ಆಟದಲ್ಲಿ ಆಡುವವನು 100 ಪೌಂಡು ಹೊತ್ತು ಮಿಕ್ಕ ಮಾಂಸವನ್ನು ಬಿಟ್ಟು ಬಂದರೆ ಅವನಿಗೆ ನಷ್ಟವೇನೂ ಇಲ್ಲ. ಆ ಮಾಂಸ ಯಾರ ಊಟವಾಗಿತ್ತೆಂಬುದನ್ನು ಎಣಿಸುವ ಅಂಕಣ ಆಟದಲ್ಲಿಲ್ಲ.

ಇದಕ್ಕಿಂತ ದೊಡ್ಡದು ಹಾದಿಯ ಕೊನೆಯ ಮಾತು. ವಿಲಮೆಟ್ ಕಣಿವೆ ಬಂದೊಡನೆ ಆಟ ಮುಗಿದು ಅಂಕಗಳನ್ನು ಎಣಿಸುವುದು. ಬದುಕಿ ಬಂದವರೆಷ್ಟು, ಉಳಿದ ಎತ್ತುಗಳೆಷ್ಟು, ಉಳಿದ ಹಣವೆಷ್ಟು! ಕಣಿವೆ ಖಾಲಿಯಾಗಿ ಕಾದಿತ್ತೆಂಬಂತೆ ಕಾಣುವುದು. ಅದು ಖಾಲಿಯಾಗಿರಲಿಲ್ಲ. ಅಲ್ಲಿ ಕಲಪೂಯಾ ಎಂಬ ಜನರಿದ್ದರು. 1830ರ ದಶಕದ ಮೊದಲಲ್ಲಿ ಹರಡಿದ ಚಳಿಜ್ವರವು ಅವರಲ್ಲಿ ಹೆಚ್ಚಿನವರನ್ನು ಕೊಂದಿತ್ತು. ಅದು ಮಲೇರಿಯಾವೆಂದು ವಿದ್ವಾಂಸರ ಮತ. 1850ರಲ್ಲಿ ಅಮೆರಿಕಾ ಸರಕಾರವು ಆರೆಗಾನಿಗೆ ಬಂದು ನೆಲೆಸಿದ ಬಿಳಿಯ ಗಂಡಸಿಗೆ 320 ಎಕರೆ, ಮದುವೆಯಾದವರಿಗೆ ದಂಪತಿಗಳಿಬ್ಬರಿಗೂ ಸೇರಿ 640 ಎಕರೆ ಭೂಮಿಯನ್ನು ಉಚಿತವಾಗಿ ಕೊಡುವ ಶಾಸನ ಮಾಡಿತು. ಆಗ ಆ ಭೂಮಿಯನ್ನು ಅದರ ಒಡೆಯರಿಂದ ಒಪ್ಪಂದ ಮಾಡಿ ಪಡೆದೂ ಇರಲಿಲ್ಲ. ಕಲಪೂಯಾ ಜನರೊಡನೆ ಒಪ್ಪಂದವಾದುದು 1855ರಲ್ಲಿ. ಮರುವರ್ಷ ಅಳಿದುಳಿದವರನ್ನು ಇತರ ಹಲವು ಜನಗಳೊಡನೆ ಗ್ರಾಂಡ್ ರೋಂಡ್ ಎಂಬ ಮೀಸಲು ಪ್ರದೇಶಕ್ಕೆ ಸಾಗಿಸಿದರು. ಅದೂ ಒಂದು ಹಾದಿಯೇ. ಅದರ ಮೈಲಿಗಳನ್ನು ಯಾರೂ ಆಟವಾಗಿ ಕಟ್ಟಲಿಲ್ಲ.

ಕಟ್ಟಬೇಕಾಗಿತ್ತೇ ಎಂದು ಕೇಳಿದರೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. ಆ ಮಿನ್ನೆಸೋಟದ ಸಂಸ್ಥೆಯೇ 1990ರ ದಶಕದ ಮೊದಲಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರಕ್ಕೆ ಓಡುವ ನೀಗ್ರೋ ದಾಸನ ಪಾತ್ರವನ್ನು ಮಕ್ಕಳಿಗೆ ಕೊಟ್ಟು 'ಫ್ರೀಡಂ' ಎಂಬ ಆಟವನ್ನು ಇದೇ ಮಾದರಿಯಲ್ಲಿ ರಚಿಸಿತು. ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಆದರೆ ಕರಿಯ ಮಕ್ಕಳ ತಂದೆತಾಯಿಗಳು ತಮ್ಮ ಪೂರ್ವಿಕರ ನರಕಯಾತನೆ ತರಗತಿಯಲ್ಲಿ ವಿನೋದವಾಯಿತೆಂದು ನೊಂದು ಆಕ್ಷೇಪಿಸಿದರು. ಸಂಸ್ಥೆ ಆಟವನ್ನು ಹಿಂದಕ್ಕೆ ತೆಗೆದುಕೊಂಡಿತು. ಗೆದ್ದವರ ಕಷ್ಟವನ್ನು ಆಟವಾಗಿಸುವುದು ಸುಲಭ. ಅದರ ಕೊನೆಯಲ್ಲಿ ಅಂಕ ಎಣಿಸಬಹುದು. ಸೋತವರ ಕಷ್ಟಕ್ಕೆ ಯಾವ ಅಂಕ ಕೊಡುವುದು?

ಆರೆಗಾನಿನ ಆಟವನ್ನು 2021ರಲ್ಲಿ ಗೇಮ್‌ಲಾಫ್ಟ್ ಎಂಬ ಸಂಸ್ಥೆಯವರು ಹೊಸದಾಗಿ ಹೊರತಂದಾಗ ಮೂಲನಿವಾಸಿ ಜನಗಳಿಗೆ ಸೇರಿದ ಮೂವರು ಇತಿಹಾಸಜ್ಞರನ್ನು ಕರೆದು ಅವರ ಸಲಹೆಯಂತೆ ನಡೆದರು. ಮೂಲನಿವಾಸಿ ಪಾತ್ರಗಳ ಉಡುಗೆ, ಹೆಸರು, ಮಾತು ಇವೆಲ್ಲವನ್ನೂ ಅವರು ನೋಡಿ ತಿದ್ದಿದರು. ಪಶ್ಚಿಮದ ವಲಸೆಯೆಂಬುದು ಆ ಜನರ ಪಾಲಿಗೆ ಸಾಹಸವಾಗಿರದೆ ಆಕ್ರಮಣವಾಗಿತ್ತೆಂಬ ಅರ್ಥದ ಮಾತು ಆಟದ ಆರಂಭದಲ್ಲಿಯೇ ಬರುವುದು. ಐವತ್ತು ವರ್ಷಗಳಾದ ಮೇಲೆ, ದಿನಚರಿಯ ಆಚೆಗೆ ಆಟ ಇಟ್ಟ ಹೆಜ್ಜೆ ಇದು. ತಡವಾಯಿತೆನ್ನುವವರು ಅನ್ನಲಿ, ಪಠ್ಯಪುಸ್ತಕಗಳು ಇದಕ್ಕಿಂತ ಬೇಗ ನಡೆದುವೆಂದು ನಾನು ಹೇಳಲಾರೆ.

ನನ್ನ ಅಕ್ಕನ ಮೊಮ್ಮಗಳು ಈಗ ಆರೆಗಾನಿನಲ್ಲಿಯೇ ಸಂಸಾರ ಹೂಡಿರುವಳು. ಅಕ್ಕ ತೀರಿಕೊಂಡ ವರ್ಷ ಅವಳು ನನಗೆ ಬರೆದ ಕಾಗದದಲ್ಲಿ ಹುರುಳಿಯ ಮಾತನ್ನೂ ವಾಂತಿಭೇದಿಯ ಮಾತನ್ನೂ ನೆನಸಿಕೊಂಡು, ಗ್ರಾಂಡ್ ರೋಂಡಿಗೆ ಹೋಗಿ ಬಂದ ಸಂಗತಿಯನ್ನು ತಿಳಿಸಿದ್ದಳು. ಅಲ್ಲಿ ಕೇಳಿ ತಿಳಿದ ಒಂದು ಸಂಗತಿಯನ್ನು ಅವಳು ಗೆರೆ ಎಳೆದು ಬರೆದಿದ್ದಳು. 1954ರಲ್ಲಿ ಅಮೆರಿಕಾ ಸರಕಾರವು ಒಂದು ಶಾಸನದಿಂದ ಪಶ್ಚಿಮ ಆರೆಗಾನಿನ ಮೂಲನಿವಾಸಿ ಜನಗಳಿಗಿದ್ದ ಮನ್ನಣೆಯನ್ನು ತೆಗೆದುಹಾಕಿತು. ಗ್ರಾಂಡ್ ರೋಂಡಿನ ಜನರಿಗೆ ಅದು ಮತ್ತೆ ದೊರೆತದ್ದು 1983ರ ನವೆಂಬರ್ 22ರಂದು. ಮಿನಿಯಾಪೊಲಿಸಿನ ಆ ತರಗತಿಯಲ್ಲಿ ಮಕ್ಕಳು ಯಂತ್ರದ ಸುತ್ತ ಸೇರಿ ಮೊದಲ ಬಾರಿಗೆ ವಿಲಮೆಟ್ ಕಣಿವೆಯನ್ನು ಮುಟ್ಟಿದ ದಿನ, ಆ ಕಣಿವೆಯ ಜನರು ಸರಕಾರದ ಕಾಗದಗಳ ಪ್ರಕಾರ ಒಂದು ಜನವೇ ಆಗಿರಲಿಲ್ಲ.